ಅತ್ತಿಗೆಗೆ ಥ್ಯಾಂಕ್ಯೂ ಹೇಳಿದ ಕಾರಣ ನಪಾಸು ಪತ್ರ ಕೋರಿ

ಇಂದ,
ಗವಿಸಿದ್ದೇಶ್, ನೋಂದಣಿ ಸಂಖ್ಯೆ ೧೭,
ಸಂಜೆ ಬ್ಯಾಚು, ಕೊನೆಯ ಬೆಂಚು,
ಹೂವಿನಹಡಗಲಿ.

ಗೆ,
ಪ್ರಾಂಶುಪಾಲರು,
ಮೂವತ್ತು ದಿನದ ಇಂಗ್ಲಿಷ್ ತರಬೇತಿ ಕೇಂದ್ರ,
ಹಿಟ್ಟಿನ ಗಿರಣಿಯ ಮಾಳಿಗೆ, ಹೂವಿನಹಡಗಲಿ.

ದಿನಾಂಕ: ೧೧-೯-೧೯೯೮

ವಿಷಯ: ಕಲಿತ ಇಂಗ್ಲಿಷನ್ನು ವಾಪಸು ಪಡೆದು ನನ್ನನ್ನು ನಪಾಸು ಮಾಡುವ ಬಗ್ಗೆ.

ಉಲ್ಲೇಖ: ೧. ತಮ್ಮ ಕೇಂದ್ರದ 'ದಿನಬಳಕೆ ಪುಸ್ತಕ', ಪುಟ ೪ರಿಂದ ೬.
೨. ಅತ್ತಿಗೆ ಅನ್ನದಾನಮ್ಮನವರ ಮೌಖಿಕ ನೋಟೀಸು, ಅಡುಗೆಮನೆ, ಕಳೆದ ವಾರದ ಗುರುವಾರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅಣ್ಣ ಪಾಲಾಕ್ಷಪ್ಪನವರಿಗೂ ನನಗೂ ಒಂದೇ ಮನೆ, ಒಂದೇ ಒಲೆ, ಒಂದೇ ಗೊಬ್ಬರದ ಅಂಗಡಿ. ನನಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡ ಕಾರಣ, ನನ್ನನ್ನು ಉಣಿಸಿ, ಬೈದು, ಬೆಳೆಸಿದವರು ಅತ್ತಿಗೆಯವರು. ಕ್ರಿಮಿನಾಶಕದ ಡಬ್ಬಿ ಮೇಲಿನ ಇಂಗ್ಲಿಷ್ ಓದಲು ಒಬ್ಬನಾದರೂ ಬೇಕೆಂದು ತಮ್ಮಲ್ಲಿಗೆ ಕಳಿಸಿದವರು ಅಣ್ಣನವರು. ಡಬ್ಬಿಯ ಪಾಠ ಈವರೆಗೂ ಬಂದಿಲ್ಲ. ಮರ್ಯಾದೆಯ ಪಾಠವೇ ನಡೆದಿದೆ.

೨. ದಿನಕ್ಕೆ ಒಂದಾದರೂ ಇಂಗ್ಲಿಷ್ ಮಾತನ್ನು ಮನೆಯಲ್ಲಿ ಬಳಸಿ, ಹಿರಿಯರ ಸಹಿ ತರತಕ್ಕದ್ದೆಂಬುದು ತಮ್ಮ ನಿಯಮ. ಅದರಂತೆ ಮೊದಲ ದಿನ ಅತ್ತಿಗೆಯವರಿಗೆ ಗುಡ್ ಮಾರ್ನಿಂಗ್ ಎಂದೆ. "ಆತಪ್ಪ, ಮುಖ ತೊಳಕಾ ಹೋಗು" ಎಂದು ಸಹಿ ಹಾಕಿದರು.

೩. ಎರಡನೆಯ ದಿನ ಅಣ್ಣನವರಿಗೆ ಹೌ ಆರ್ ಯು ಎಂದು ಕೇಳಿ, ಅರ್ಥವನ್ನೂ ಬಿಡಿಸಿ ಹೇಳಿದೆ. ದಿನಾ ಪಕ್ಕದಲ್ಲೇ ಕೂತು ತಕ್ಕಡಿ ಹಿಡಿಯುವ ತಮ್ಮ ಹೀಗೆ ಕೇಳಿದ್ದರಿಂದ ಅವರು ಗಾಬರಿಯಾದರು. "ನನಗೇನಾಗೈತಲೇ? ಡಾಕ್ಟ್ರು ನಿನ್ನ ಹತ್ರ ಏನರ ಹೇಳ್ಯಾರೇನು?" ಎಂದು ಅಂಗಡಿ ಮುಚ್ಚಿ, ಬಿ.ಪಿ. ನೋಡಿಸಿಕೊಂಡು ಬಂದರು. ಬಿ.ಪಿ. ಸರಿಯಿತ್ತು. ಡಾಕ್ಟರ ಫೀಜು ಕೊಟ್ಟು ಬಂದ ಮೇಲೆ ಏರಿತು.

೪. ಸದರಿ ಗುರುವಾರ ಅತ್ತಿಗೆಯವರು ರೊಟ್ಟಿ, ಪುಂಡಿಪಲ್ಯ ಬಡಿಸಿದಾಗ, ಪುಟ ೪ರಂತೆ ಥ್ಯಾಂಕ್ಯೂ ಎಂದೆ.

"ಹಂಗಂದ್ರೇನಲೇ?"

"ಉಪಕಾರ ಮಾಡಿದೋರಿಗೆ ಹೇಳೋದು, ಅತ್ತಿಗಿ."

ಬಡಿಸುವ ಕೈ ನಿಂತಿತು. "ಉಪಕಾರ ಮಾಡೋದು ಹೊರಗಿನೋರಿಗೆ. ನಾ ಯಾವಾಗ ಹೊರಗಿನಾಕಿ ಆದೆ? ಇದೇನು ಖಾನಾವಳಿ ಏನಲೇ?"

ಪರಿಸ್ಥಿತಿ ಕೈಮೀರಿದ ಕಾರಣ ಪುಟ ೬ಕ್ಕೆ ಹಾರಿ ಸಾರಿ ಎಂದೆ. "ಮೊದಲ ತಪ್ಪಾತು ಅಂದ್ರ ಬಂದು ಕಾಲು ಮುಟ್ತಿದ್ದಿ. ಈಗ ಕುಂತಲ್ಲಿಂದ ಒಂದು ಮಾತು ಒಗೀತಿ" ಎಂದರು. ಪುಸ್ತಕದಲ್ಲಿ ಉಳಿದಿದ್ದು ಪ್ಲೀಸ್ ಒಂದೇ. ಅದನ್ನೂ ಅಂದೆ. ಆಗ ಅತ್ತಿಗೆಯವರು ತಣ್ಣಗೆ ಹೇಳಿದ್ದಿಷ್ಟು: "ಬ್ಯಾರೆ ಆಗೋ ಮನಸ್ಸಿದ್ರ ಕನ್ನಡದಾಗ ಹೇಳಪ್ಪ. ಇಷ್ಟೆಲ್ಲ ಯಾಕ ಸುತ್ತತಿ?"

೫. ಆ ದಿನದಿಂದ ನನಗೆ ಮನೆಯಲ್ಲಿ ಅತಿಥಿ ದರ್ಜೆ ಮಂಜೂರಾಗಿದೆ. ಕೂರಲು ಮಡಿಸಿದ ಜಮಖಾನ. ಕೈತೊಳೆಯಲು ಚೊಂಬಿನಲ್ಲಿ ನೀರು. "ಇನ್ನೊಂದು ರೊಟ್ಟಿ ತಗೊಳ್ರಿ" ಎಂಬ ಬಹುವಚನ. ಇಪ್ಪತ್ತು ವರ್ಷದಲ್ಲಿ ಬೈಗುಳವಿಲ್ಲದ ಒಂದು ಊಟ ಕಾಣದ ನಾನು, ಎಂಟು ದಿನದಿಂದ ಒಂದೂ ಬೈಗುಳ ಕಾಣದೆ ಅರೆಹೊಟ್ಟೆಯಲ್ಲಿ ಏಳುತ್ತಿದ್ದೇನೆ. ನನ್ನ ಹೆಂಡತಿ ಅರ್ಚನಾ, "ನೀವು ಇಂಗ್ಲಿಷ್ ಕಲ್ತ್ರಿ, ಓಣಿ ಮಂದಿ ನನ್ನ ಕಡಿ ಬೊಟ್ಟು ಮಾಡ್ತಾರ. ಬ್ಯಾರೆ ಆಗಾಕ ನಾನ ಹೇಳಿಕೊಟ್ಟೀನಂತ" ಎಂದು ತವರಿಗೆ ಹೊರಡುವ ಚೀಲ ಅಟ್ಟದಿಂದ ಕೆಳಗಿಳಿಸಿದ್ದಾಳೆ.

೬. ಕಾಲು ಮುಟ್ಟಲು ಹೋದೆನಾದರೂ, "ಇರಲಿ ಬಿಡ್ರಿ" ಎಂದು ಅತ್ತಿಗೆಯವರು ಕಾಲು ಹಿಂದೆ ಸರಿಸಿದ್ದಾರೆ. ಅಣ್ಣನವರು "ನಮ್ಮ ಉಪಕಾರ ತಮ್ಮಗ ಭಾರ ಆಗೈತಿ, ಇಳಿಸಿಬಿಡಾನು" ಎಂದು ಬರುವ ಸೋಮವಾರ ಪಾಲು ಮಾಡಿಕೊಡಲು ಹಿರಿಯರಾದ ಕರಿಸಿದ್ದಪ್ಪನವರನ್ನು ಬರಹೇಳಿದ್ದಾರೆ. ಮನೆಗೆ ನಡುಗೋಡೆ ಎಲ್ಲಿ ಬರಬೇಕೆಂದು ಆಗಲೇ ಹಗ್ಗ ಹಿಡಿದು ನೋಡಿದ್ದಾಗಿದೆ. ಹಗ್ಗ ಅಡುಗೆಮನೆಯ ಮೇಲೆಯೇ ಹಾಯುತ್ತದೆ.

ಆದ್ದರಿಂದ, ಭಾನುವಾರ ಸಂಜೆಯೊಳಗೆ ದುಂಡು ಮೊಹರು ಹಾಕಿದ ನಪಾಸು ಪತ್ರವೊಂದನ್ನು ಕನ್ನಡದಲ್ಲಿ ದಯಪಾಲಿಸಬೇಕು. ಅದರಲ್ಲಿ, ಸದರಿ ವಿದ್ಯಾರ್ಥಿಗೆ ತಾನಾಡಿದ ಯಾವ ಮಾತಿನ ಅರ್ಥವೂ ಗೊತ್ತಿರಲಿಲ್ಲ, ಬೇರೆಯಾಗುವಷ್ಟು ಬುದ್ಧಿಯೂ ಅವನಿಗಿಲ್ಲ ಎಂದು ನಮೂದಿಸಬೇಕು. ಅತ್ತಿಗೆಯವರಿಗೆ ಸಹಿಯಷ್ಟೇ ಬರುವ ಕಾರಣ, ತಾವೇ ಮನೆಗೆ ಬಂದು ಗಟ್ಟಿಯಾಗಿ ಓದಿ ಹೇಳಬೇಕು.

ತಮ್ಮ ವಿಶ್ವಾಸಿ, ಮನೆಯವರ ವಿಶ್ವಾಸ ಕಳೆದುಕೊಂಡ,
ಗವಿಸಿದ್ದೇಶ್

ಲಗತ್ತುಗಳು:
೧. ದಿನಬಳಕೆ ಪುಸ್ತಕ. ಸಹಿ ಎರಡು, ಗುರುವಾರದ ಜಾಗದಲ್ಲಿ ಪಲ್ಯದ ಕಲೆ.
೨. ಅಣ್ಣನವರ ಬಿ.ಪಿ. ಚೀಟಿ.

ವಿ.ಸೂ.: ಪತ್ರದಲ್ಲಿ 'ನಡತೆ' ಎಂಬ ಕಾಲಂ ಇದ್ದರೆ ಅದನ್ನು ದಯವಿಟ್ಟು ಖಾಲಿ ಬಿಡುವುದು. ಓದಿ ಮುಗಿಸಿದ ಮೇಲೆ ತಾವು ಒಂದು ನಿಮಿಷ ಸುಮ್ಮನಿರಬೇಕು. ಅತ್ತಿಗೆಯವರು ಆ ಕಾಲಂ ಅನ್ನು ಮೊದಲಿನಂತೆ ಬೈದು ಬಾಯಲ್ಲೇ ತುಂಬಿದರೆ, ಸೋಮವಾರ ಯಾರೂ ಬರಬೇಕಾಗಿಲ್ಲ.