ಹತ್ತು ಗಜದ ಸರಪಳಿ

ಅಳತೆ ತಪ್ಪಿದ್ದನ್ನು ಕಂಡರೆ ನನಗೆ ಮೈಯುರಿಯುತ್ತದೆ. ಇದು ಗುಣವೋ ರೋಗವೋ ಇನ್ನೂ ತೀರ್ಮಾನವಾಗಿಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಒಂದು ಕಂಪನಿಯಲ್ಲಿ, ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಹೊಟ್ಟೆಪಾಡು. ಕೂದಲೆಳೆಯನ್ನು ಸಾವಿರ ಸೀಳು ಮಾಡಿ ಅದರಲ್ಲೊಂದು ಸೀಳಿನಷ್ಟು ವ್ಯತ್ಯಾಸ ಬಂದರೂ ವರದಿಯನ್ನು ವಾಪಸ್ ಕಳಿಸುವವನು ನಾನು. ಮನೆಯಲ್ಲೂ ಹಾಗೆಯೇ. ಹೆಂಡತಿ ಸುಮತಿ "ಸ್ವಲ್ಪ ಉಪ್ಪು ಹಾಕಿ" ಎಂದರೆ, ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿ ಅಡುಗೆಮನೆಯಿಂದ ಹೊರಹಾಕಿಸಿಕೊಂಡಿದ್ದೇನೆ. ಗೋಡೆಗೆ ಚಿತ್ರ ಹಾಕುವಾಗ ನಾನು ಮೊದಲು ಹೊಡೆದ ಮೊಳೆ ತುಸುವಾದರೂ ತಪ್ಪಿರುತ್ತದೆ; ಅದನ್ನು ಕಿತ್ತು ಇನ್ನೊಂದು ಹೊಡೆಯುತ್ತೇನೆ. ಪಕ್ಕದ ಬೆಸ್ಟ್ ಎಂಬ ಊರಿನ ನಮ್ಮ ಮನೆಯಲ್ಲಿ ಪ್ರತಿ ಚಿತ್ರದ ಹಿಂದೆ ಎರಡು ತೂತುಗಳಿವೆ.

ಇಂಥವನ ಮಗ ಅನೂಪ್ ಕಾಲೇಜಿಗೆ ಸೇರಿದ ವರ್ಷವೇ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೂ ಸೇರಿದ. ಕಾರ್ಕಳದವರ ಮಗ, ಡಚ್ಚರ ಊರು, ಅಮೆರಿಕದ ಆಟ. ತಲೆಗೆ ಹಂಡೆಯಂಥ ಹೆಲ್ಮೆಟ್ಟು ಹಾಕಿಕೊಂಡು ಐದು ಸೆಕೆಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಮೇಲೆ ಎದ್ದು, ಗುಂಪುಗಟ್ಟಿ ಮೀಟಿಂಗ್ ಮಾಡುತ್ತಾರೆ. ಮತ್ತೆ ಐದು ಸೆಕೆಂಡು, ಮತ್ತೆ ಮೀಟಿಂಗ್. ಇದನ್ನೇ ನೋಡುವುದಾದರೆ ನನಗೆ ಆಫೀಸಿದೆ, ಅಲ್ಲಿ ಕಾಫಿಯಾದರೂ ಪುಕ್ಕಟೆ. ಸೀಸನ್ನಿಗೆ ಎಂಟು ಪಂದ್ಯ. ಮೊದಲ ಏಳರಲ್ಲಿ ಏಳನ್ನೂ ಸೋತರು. "ಇದು ರೀಬಿಲ್ಡಿಂಗ್ ಸೀಸನ್, ಅಪ್ಪ," ಎಂದ ಅನೂಪ್. ಒಮ್ಮೆಯೂ ಕಟ್ಟದ್ದನ್ನು ಮರಳಿ ಕಟ್ಟುವುದು ಹೇಗೆಂದು ನಾನು ಕೇಳಿದೆ. ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ.

ದೂರ ನಿಂತು ನಗುತ್ತಿದ್ದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಈ ದೇಶದ ಕ್ಲಬ್ಬುಗಳಲ್ಲಿ ಆಟಗಾರರ ಮನೆಯವರೂ ಏನಾದರೊಂದು ಕೆಲಸ ಹೊರಬೇಕು. ಸಸ್ಯಾಹಾರಿಯಾದ ನಾನು ಕ್ಯಾಂಟೀನಿನಲ್ಲಿ ನಿಂತು ಮಾಂಸದ ಉಂಡೆ ಕರಿಯಲಾರೆ ಎಂದಾಗ ಉಳಿದದ್ದು ಸರಪಳಿ. ಈ ಆಟದಲ್ಲಿ ಒಂದು ತಂಡ ನಾಲ್ಕು ಯತ್ನದೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಆ ಹತ್ತು ಗಜಕ್ಕೆ ಒಂದು ಸರಪಳಿ, ಅದರ ಎರಡು ತುದಿಗೆ ಎರಡು ಕೋಲು, ಮೈದಾನದ ಅಂಚಿನಲ್ಲಿ ಹಿಡಿದು ನಿಲ್ಲಲು. ಹಿಂದಿನ ಕೋಲು ತಂಡದ ಕ್ಯಾಪ್ಟನ್‌ನ ಅಪ್ಪ ಕೀಸ್‌ನ ಕೈಯಲ್ಲಿ, ಮುಂದಿನದು ನನ್ನ ಕೈಯಲ್ಲಿ. ಗಜದ ಲೆಕ್ಕವನ್ನು ನಾನು ಕೊನೆಯ ಸಲ ಕೇಳಿದ್ದು ಕಾರ್ಕಳದ ಬಟ್ಟೆ ಅಂಗಡಿಯಲ್ಲಿ.

ಇನ್ನು ಅಳೆಯುವ ಚೆಂದ ನೋಡಬೇಕು. ಹತ್ತು ಜನರ ರಾಶಿಯ ಅಡಿಯಿಂದ ಚೆಂಡನ್ನು ಎಳೆದು, ರೆಫರಿ ಸುಮಾರಾಗಿ ಒಂದು ಕಡೆ ಇಡುತ್ತಾನೆ. ಆಮೇಲೆ ಸರಪಳಿ ತರಿಸಿ, ಬೆರಳಗಲದ ಲೆಕ್ಕ ಹಾಕುತ್ತಾನೆ. ಕಣ್ಣಂದಾಜಿನಲ್ಲಿ ಇಟ್ಟದ್ದನ್ನು ಕಬ್ಬಿಣದಲ್ಲಿ ಅಳೆಯುವ ಈ ನಾಟಕದ ಬಗ್ಗೆ ಪ್ರತಿ ಪಂದ್ಯದಲ್ಲೂ ಕೀಸ್‌ಗೆ ಉಪನ್ಯಾಸ ಕೊಟ್ಟಿದ್ದೇನೆ. ಕೋಲು ಕದಲಿದರೂ ಜಾಗ ಮತ್ತೆ ಸಿಗಲಿ ಎಂದು ಸರಪಳಿ ಮೈದಾನದ ಗೆರೆಯನ್ನು ದಾಟುವ ಕಡೆ ಅದಕ್ಕೆ ಒಂದು ಕ್ಲಿಪ್ಪು ಹಾಕಬೇಕಂತೆ. ನನ್ನ ಕೈಯಲ್ಲಿರುವ ಕೋಲು ಕದಲುವುದುಂಟೇ? ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಸುಮತಿ ಅದನ್ನು ಅವಲಕ್ಕಿ ಪೊಟ್ಟಣದ ಬಾಯಿಗೆ ಸಿಕ್ಕಿಸಿದಳು.

ಕೊನೆಯ ಪಂದ್ಯ ರಾಟರ್‌ಡ್ಯಾಮಿನ ಹುಡುಗರ ಮೇಲೆ. ಅವತ್ತು ತಿಂಡಿಗೆ ಕೂತಾಗ ಅನೂಪ್ ದೋಸೆ ಮುಟ್ಟಲಿಲ್ಲ. "ಇವತ್ತೂ ಸೋತ್ರೆ ಅರ್ಧ ಜನ ಬಿಟ್ಟು ಹೋಗ್ತಾರೆ, ಅಪ್ಪ. ನೆಕ್ಸ್ಟ್ ಇಯರ್ ಟೀಮೇ ಇರಲ್ಲ," ಎಂದ. ಲೋಕಕ್ಕೇನೂ ನಷ್ಟವಿಲ್ಲ ಎನ್ನಲು ಬಾಯಿ ತೆರೆದೆ. ಸುಮತಿ ನನ್ನನ್ನು ನೋಡಿದಳು. ಬಾಯಿಗೆ ದೋಸೆ ಹಾಕಿಕೊಂಡೆ.

ಪಂದ್ಯ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ನಮ್ಮವರು ಮೂರು ಅಂಕ ಹಿಂದೆ, ನಾಲ್ಕನೆಯ ಯತ್ನ, ಚೆಂಡು ಅನೂಪನ ಕೈಯಲ್ಲಿ. ಓಡಿದ. ರಾಟರ್‌ಡ್ಯಾಮಿನ ಒಬ್ಬ ದೈತ್ಯ ಅವನ ಮೇಲೆ ಬಿದ್ದು, ಇಬ್ಬರೂ ಉರುಳುತ್ತ ನನ್ನ ಕಡೆಗೇ ಬಂದರು. ಇಂಥ ಹೊತ್ತಿನಲ್ಲಿ ಹಿಂದಕ್ಕೆ ಓಡಬೇಕೆಂಬುದು ನಿಯಮ. ನಾನು ಕಂಬದ ಹಾಗೆ ನಿಂತಿದ್ದೆ. ನನ್ನ ಬೂಟು ಆ ದೈತ್ಯನ ತಲೆಗೆ ತಾಗಿತು. ಯಾರಿಗಾದರೂ ಕಾಲು ತಾಗಿದರೆ ಏನು ಮಾಡಬೇಕೆಂದು ಅಮ್ಮ ಚಿಕ್ಕಂದಿನಲ್ಲೇ ಬೈದು ಕಲಿಸಿದ್ದಳು. ಕೋಲು ಬಿಟ್ಟೆ, ಬಗ್ಗಿ ಅವನ ಹೆಲ್ಮೆಟ್ಟು ಮುಟ್ಟಿದೆ, ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡೆ. "ಹುಷಾರಾಗಿದ್ದೀರಾ, ಸಾರ್?" ಎಂದು ಅವನೇ ಡಚ್ಚಿನಲ್ಲಿ ವಿಚಾರಿಸಿದ. ನನಗೆ ತಲೆ ಸುತ್ತು ಬಂತೆಂದುಕೊಂಡು ಕೀಸ್ ಕೂಡ ತನ್ನ ಕೋಲು ಎಸೆದು ಓಡಿ ಬಂದ.

ರೆಫರಿ ಚೆಂಡು ಇಟ್ಟು, ಸರಪಳಿ ಎಂದ. ಸರಪಳಿ ಹುಲ್ಲಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಕ್ಲಿಪ್ಪು ಎಲ್ಲಿ ಎಂದು ಕೇಳಿದ. ಅವಲಕ್ಕಿಯ ಮೇಲಿದೆ ಎನ್ನಲು ನನಗೆ ಡಚ್ ಬರಲಿಲ್ಲ. ಕೀಸ್ ಕೋಲನ್ನು ನೆಲಕ್ಕೆ ಊರುವವನೇ ಅಲ್ಲ, ಅವನ ಜಾಗದಲ್ಲಿ ಗುರುತೂ ಇರಲಿಲ್ಲ. "ಹಾಗಾದರೆ ನಿಮ್ಮ ಕೋಲು ಎಲ್ಲಿತ್ತು, ತೋರಿಸಿ," ಎಂದ ರೆಫರಿ.

ನನ್ನ ಕೋಲು ಊರಿದ ತೂತುಗಳು ಎರಡಿದ್ದವು, ಒಂದು ಗೇಣಿನ ಅಂತರದಲ್ಲಿ. ಈಚೆಯದು ಸರಪಳಿ ಸಡಿಲವಿದ್ದಾಗ ಊರಿದ್ದು. ತಪ್ಪಿದೆಯೆಂದು ಬಿಗಿಯಾಗಿ ಎಳೆದು, ತಿದ್ದಿ ಊರಿದ್ದು ಆಚೆಯದು. ಚೆಂಡು ಎರಡರ ನಡುವೆ ಇತ್ತು: ಈಚೆಯದರ ಲೆಕ್ಕದಲ್ಲಿ ಹತ್ತು ಗಜ ಆಗಿತ್ತು, ಆಚೆಯದರ ಲೆಕ್ಕದಲ್ಲಿ ಇಲ್ಲ. ಅನೂಪ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಅವನು ಮೊಣಕಾಲೂರಿ ಕೂತು ಚೆಂಡನ್ನೇ ನೋಡುತ್ತಿದ್ದ, ಬೆಳಿಗ್ಗೆ ದೋಸೆ ನೋಡಿದ ಹಾಗೆ. ನಾನು ಈಚೆಯ ತೂತು ತೋರಿಸಿದೆ. ರೆಫರಿ ಕೈಯೆತ್ತಿದ. ನಮ್ಮವರಿಗೆ ಮತ್ತೆ ನಾಲ್ಕು ಯತ್ನ ಸಿಕ್ಕಿತು, ಎರಡನೆಯದರಲ್ಲೇ ಆರು ಅಂಕ ಹೊಡೆದು ಗೆದ್ದರು.

ಮನೆಗೆ ಕಾರು ಓಡಿಸಿದ್ದು ಅನೂಪ್. ಅರ್ಧ ದಾರಿಯಲ್ಲಿ, "ಅಪ್ಪ, ಮನೇಲಿ ಫೋಟೋ ಹಾಕುವಾಗ ನಿಮ್ಮ ಫಸ್ಟ್ ತೂತು ಯಾವತ್ತೂ ರಾಂಗ್ ಅಲ್ವಾ?" ಎಂದ.

"ರಸ್ತೆ ನೋಡಿಕೊಂಡು ಓಡಿಸು," ಎಂದೆ.

ಸೋಮವಾರ ಆಫೀಸಿನಲ್ಲಿ ಒಬ್ಬರ ವರದಿಯನ್ನು, ಅಳತೆ ನಂಬುವ ಹಾಗಿಲ್ಲವೆಂದು ಬರೆದು ವಾಪಸ್ ಕಳಿಸಿದೆ. ತಂಡ ಉಳಿದುಕೊಂಡಿದೆ. ಮುಂದಿನ ಸೀಸನ್ನಿಗೂ ಸರಪಳಿಯ ಕೆಲಸಕ್ಕೆ ನನ್ನ ಹೆಸರನ್ನೇ ಹಾಕಿದ್ದಾರೆ. ಕ್ಲಿಪ್ಪು ವಾಪಸ್ ತನ್ನಿ ಎಂದು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ.