ತರ್ಕ ಮಾಡಿ ಕ್ರೈಸ್ತನಾದ ನಮ್ಮ ಕಾಕಾ

ನಮ್ಮ ಕಾಕಾನನ್ನು, ಅಂದರೆ ಅಪ್ಪನ ತಮ್ಮನನ್ನು, ದೇವರೇನೂ ಕರೆಯಲಿಲ್ಲ. ಅವನೇ ದೇವರ ಜೊತೆ ವಾದಕ್ಕೆ ಬಿದ್ದು, ಸೋಲಿಸಿ, ಕೈಹಿಡಿದು ಮನೆಗೆ ಕರೆತಂದ! ಗಡಹಿಂಗ್ಲಜದ ಲಿಂಗಾಯತ ಮನೆಯವನು, ಮದುವೆಯಾದವನು, ಕೊಲ್ಲಾಪುರಕ್ಕೆ ಓದಲು ಹೋಗಿ ಐವತ್ತರ ದಶಕದ ಕೊನೆಗೆ ಕ್ರೈಸ್ತನಾಗಿ ಬಂದು ನಿಂತ. ಹೊಟ್ಟೆಪಾಡಿಗಾಗಿ ಹೀಗಾದೆ ಎಂದಿದ್ದರೆ ನಮ್ಮ ಅಜ್ಜ ಎಂದಾದರೂ ಕ್ಷಮಿಸುತ್ತಿದ್ದನೇನೋ. "ಪುರಾವೆ ಬರೋಬರಿ ಐತಿ ಅನಿಸ್ತು" ಎಂದರೆ ಯಾವ ಅಪ್ಪ ತಡೆದುಕೊಂಡಾನು? ಊರಾಚೆಯ ಒಂದು ತುಂಡು ಕಲ್ಲುನೆಲವನ್ನು ಪಾಲೆಂದು ಕೊಟ್ಟು ಹೊರಗೆ ಹಾಕಿದ.

ಕಾಕಾ ಇಚಲಕರಂಜಿಯಲ್ಲಿ ಮಗ್ಗ ರಿಪೇರಿಯ ಮಿಸ್ತ್ರಿಯಾದ. ನಾನೂ ಹುಡುಗನಾಗಿದ್ದಾಗಲೇ ಅದೇ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿ ಅವನ ಮನೆಯಲ್ಲೇ ಉಳಿದೆ. ಎಣ್ಣೆ ಕೈಯಲ್ಲೇ ಅವನ ಉಪದೇಶ ನಡೆಯುತ್ತಿತ್ತು. ಬಟ್ಟೆ ಇದ್ದಮೇಲೆ ನೇಕಾರ ಇರಲೇಬೇಕು, ಲೋಕ ಇದ್ದಮೇಲೆ ಮಾಡಿದವನು ಇರಲೇಬೇಕು. ಬಾಗಿಲತನಕ ಬುದ್ಧಿ ನಡೆಸುತ್ತದೆ, ಒಳಗೆ ವಿಶ್ವಾಸ ಕೈಹಿಡಿಯುತ್ತದೆ ಎನ್ನುತ್ತಿದ್ದ. ಒಮ್ಮೆ ಒಬ್ಬ ಮುದಿ ನೇಕಾರ ಬೀಡಿ ಕೆಳಗಿಳಿಸಿ ಕೇಳಿದ: "ಹಂಗಾರ ಲೋಕದಾಗ ಇಷ್ಟು ಎಳಿ ಹರದಾವಲ್ಲ, ನಿಮ್ಮ ನೇಕಾರ ಚಾ ಕುಡಿಯಾಕ ಹೋಗ್ಯಾನೇನ್ರಿ?" ಕಾಕಾ ಒಂದು ವಾರ ಉಪದೇಶ ಬಿಟ್ಟು ಬರೀ ಮಗ್ಗ ರಿಪೇರಿ ಮಾಡಿದ. ಶೆಡ್ಡಿಗೆಲ್ಲ ಅಷ್ಟು ನೆಮ್ಮದಿ ಮತ್ತೆಂದೂ ಸಿಗಲಿಲ್ಲ.

ಚರ್ಚಿನವರಿಗಾದರೂ ಅವನಿಂದ ಸುಖವಿತ್ತೇ? ಪಾದ್ರಿಗಳು ಮರಾಠಿಯಲ್ಲಿ ಬೋಧನೆ ಮಾಡುವಾಗ ನಡುವೆ ಎದ್ದುನಿಂತು "ಕಶಾವರೂನ, ಸಾಹೇಬ?" ಎಂದು ಆಧಾರ ಕೇಳುವವನು! ಕೊನೆಗೆ ಅವರು ಇವನಿಗೆ ಗಂಟೆ ಬಾರಿಸುವ ಕೆಲಸ ಕೊಟ್ಟು, ಬೋಧನೆ ಮುಗಿಯುವತನಕ ಹೊರಗೆ ಗಂಟೆಯ ಬಳಿಯೇ ಇರಬೇಕೆಂದು ಹೊಸ ನಿಯಮ ಮಾಡಿದರು.

ಅವನ ಹೆಂಡತಿ, ನಮ್ಮ ಕಾಕು, ಮಾತ್ರ ಕೊರಳಿನ ಲಿಂಗ ಬಿಡಲಿಲ್ಲ. ಅವನು ಹತ್ತು ವರ್ಷ ವಾದಿಸಿದ, ಅವಳು ಹತ್ತು ವರ್ಷ ರೊಟ್ಟಿ ಬಡಿದಳು. "ನೀವು ಹೇಳೂದು ಖರೇ ಇರಬಹುದ್ರಿ, ಆದ್ರ ಇದು ನಾ ಹುಟ್ಟಿದಾಗಿಂದ ಐತಿ" ಎಂದಷ್ಟೇ ಅವಳ ಉತ್ತರ. ಅಷ್ಟಕ್ಕೇ ಕಾಕಾ ಸೋಲುತ್ತಿದ್ದ.

ಅಂಥ ಕಾಕು ಒಂದು ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು. ಹೋಗುವ ಮುಂಚೆ ಗಂಡನನ್ನು ಕೇಳಿದ್ದು ಒಂದೇ: "ನನ್ನ ಮಲಗಿಸಿ ಹುಗೀಬ್ಯಾಡ್ರಿ. ನಮ್ಮವರಂಗ ಕುಂದರಿಸ್ರಿ. ಲಿಂಗ ಕೈಯಾಗ ಇರ್ಲಿ."

ಚರ್ಚಿನ ಹಿರಿಯರು ಜಾಗ ಕೊಡುತ್ತೇವೆ, ಆದರೆ ಲಿಂಗ ತೆಗೆಯಬೇಕು, ಎಲ್ಲರಂತೆ ಮಲಗಿಸಬೇಕು ಎಂದರು. ಕಾಕಾ ಒಪ್ಪಲಿಲ್ಲ; ಕಾಕುವನ್ನು ಟ್ರಕ್ಕಿನಲ್ಲಿ ಗಡಹಿಂಗ್ಲಜಕ್ಕೆ ತಂದೆವು. ನಮ್ಮ ಹಿರಿಯರು, ಕುಲಗೆಟ್ಟವನ ಜೊತೆ ಉಂಡವಳಿಗೆ ನಮ್ಮ ರುದ್ರಭೂಮಿಯಲ್ಲಿ ಜಾಗವಿಲ್ಲ ಎಂದರು. ಅಲ್ಲೂ ಇಲ್ಲೂ ಕಾಕಾ ವಾದಿಸಿದ. ಅವನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ವಾದಿಸಿರಲಿಲ್ಲ. ಎರಡೂ ಕಡೆ ತಲೆದೂಗಿ ಕೇಳಿದರು, ಎರಡೂ ಕಡೆ ಆಗದು ಎಂದರು. ಅಬ್ಬಾ, ಎರಡು ಧರ್ಮಗಳು ಎಷ್ಟು ಸಲೀಸಾಗಿ ಒಂದಾದವು! ನನ್ನ ಅಪ್ಪ ಬಾಯಿ ತೆರೆಯಲಿಲ್ಲ. ಅವಳ ರೊಟ್ಟಿ ತಿಂದು ದೊಡ್ಡವನಾದ ನಾನೂ ತೆರೆಯಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕಾಕಾ ಮಾತು ನಿಲ್ಲಿಸಿ ತನ್ನ ಕಲ್ಲುನೆಲಕ್ಕೆ ನಡೆದ. ಒಬ್ಬನೇ ಅಗೆದ. ಕಾಕುವನ್ನು ಗುಂಡಿಯ ಗೋಡೆಗೆ ಒರಗಿಸಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದ. ಆಮೇಲೆ ತನ್ನ ಪ್ರಾರ್ಥನೆಯನ್ನು ಮರಾಠಿಯಲ್ಲಿ ಹೇಳಿದ. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಸಿಕ್ಕವನು ಅವನೊಬ್ಬನೇ. ಕಡೇ ದಿನ ಸತ್ತವರೆಲ್ಲ ಏಳುತ್ತಾರೆ ಎನ್ನುತ್ತೀಯಲ್ಲ, ಲಿಂಗ ಹಿಡಿದ ಇವಳೂ ಏಳುತ್ತಾಳೇನು ಎಂದು ಕೇಳಿಬಿಟ್ಟೆ.

ಕಾಕಾ ಗುಂಡಿಯಿಂದ ಕಣ್ಣು ಎತ್ತಲಿಲ್ಲ.

"ಎಲ್ಲಾರಕಿಂತ ಮೊದಲ ಏಳ್ತಾಳ. ಅವರೆಲ್ಲಾ ಮಲಗ್ಯಾರ. ಈಕಿ ಕುಂತಾಳಲ್ಲೋ."

ಮೊದಲ ಮಣ್ಣು ಹಾಕಲು ಅವನ ಕೈ ಬರಲಿಲ್ಲ. ನಾನು ಸಲಿಕೆ ಇಸಿದುಕೊಂಡೆ.