ನನ್ನ ಹೆಸರಿನ ಮುಂದೆ ಶೇಕಡಾ

ಹೆಂಡತಿ ನಡುಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಗಂಡನಾದವನು ಸಹಿಸಿಕೊಳ್ಳಬಹುದು. (ನಾನಂತೂ ಸಹಿಸಿ ಸಹಿಸಿ ಪಳಗಿದ ಪ್ರಾಣಿ.) ಆದರೆ ಜಿನೋವಾದ ವರ್ತಕರ ಮಂಟಪದಲ್ಲಿ, ಇಡೀ ಬಂದರಿನ ಕಣ್ಣು ಬೀಳುವ ಕರಿಹಲಗೆಯ ಮೇಲೆ, ಮುಳುಗಬಹುದಾದ ಹಡಗುಗಳ ಸಾಲಿನಲ್ಲಿ ತನ್ನ ಹೆಸರನ್ನೇ ಕಂಡರೆ ಯಾವ ಗಂಡ ತಾನೇ ಸಹಿಸಿಯಾನು?

ಆ ಹಲಗೆ ಬರೆಯುವ ಗುಮಾಸ್ತ ನಾನೇ, ಅನ್ಸಾಲ್ಡೊ. ಹಡಗು ಹೊರಡುವ ಮುನ್ನ ಒಡೆಯ ತನ್ನ ನೂರು ಲಿರಾ ಸರಕಿಗೆ ಇಷ್ಟು ಲಿರಾ ಎಂದು ವಿಮೆ ಕಟ್ಟುತ್ತಾನೆ. ಹಡಗು ಮುಳುಗಿದರೆ ನೂರೂ ಅವನಿಗೆ. ಕ್ಷೇಮವಾಗಿ ಬಂದರೆ ಕಟ್ಟಿದ ಹಣ ವಿಮೆ ಹಿಡಿದವನಿಗೆ. ಅಂಕಿ ದೊಡ್ಡದಾದಷ್ಟೂ ಮೀನುಗಳಿಗೆ ಹಬ್ಬ ಹತ್ತಿರ ಎಂದು ತಿಳಿಯಬೇಕು.

ಈ ಹಲಗೆ ನಮಗೆ ವಂಶಪಾರಂಪರ್ಯವಾಗಿ ಬಂದ ಸಾಮ್ರಾಜ್ಯ. ತಾತ 'ಪೆರ್ ಚೆಂತೊ', ಅಂದರೆ ನೂರಕ್ಕೆ ಇಷ್ಟು ಎಂದು, ಪೂರ್ತಿ ಅಕ್ಷರಗಳಲ್ಲಿ ಮುದ್ದಾಗಿ ಬರೆಯುತ್ತಿದ್ದ. ಅವನಿಗೆ ಬಿಡುವಿತ್ತು. ಅಪ್ಪನ ಕಾಲಕ್ಕೆ ಹಡಗುಗಳು ಹೆಚ್ಚಿ, ಪದ ಸವೆದು, ಒಂದು ಪ, ಒಂದು ಚ, ಅದರ ತಲೆಯ ಮೇಲೊಂದು ಪುಟ್ಟ ಸೊನ್ನೆ ಉಳಿಯಿತು. ನಮ್ಮಂಥ ಸೋಮಾರಿಗಳ ಕೈಯಲ್ಲಿ ಅದೂ ಕರಗಿ ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ, ನಡುವೆ ಗೆರೆ ಆಗಿದೆ. ಪೀಪಾಯಿಯಲ್ಲಿ ಕೊಳೆತ ಅಂಜೂರ ಎಷ್ಟು, ದ್ರಾಕ್ಷಾರಸಕ್ಕೆ ಬೆರೆಸಿದ ನೀರೆಷ್ಟು, ಎಲ್ಲಕ್ಕೂ ಅದೇ ಗುರುತು. ನನ್ನ ಹೆಂಡತಿ ಪೆಲ್ಲೆಗ್ರಾ ಕೂಡ ಅದನ್ನು ಕಲಿತುಬಿಟ್ಟಿದ್ದಾಳೆ. "ನೀವು ಹೇಳೋದ್ರಲ್ಲಿ ನೂರಕ್ಕೆ ಎಪ್ಪತ್ತು ಸುಳ್ಳು" ಎಂದು ದಿನಕ್ಕೊಮ್ಮೆಯಾದರೂ ಲೆಕ್ಕ ಒಪ್ಪಿಸುತ್ತಾಳೆ.

ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಸಮುದ್ರದಿಂದ ಎದ್ದ ಮಂಜು ಮಂಟಪದ ಕಂಬಗಳವರೆಗೂ ಬಂದು ನಿಂತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಹಲಗೆಯ ಕೊನೆಯಲ್ಲಿ, ನನ್ನದಲ್ಲದ ಕೈಬರಹದಲ್ಲಿ: ಗುಮಾಸ್ತ ಅನ್ಸಾಲ್ಡೊ, ಈಸ್ಟರಿನವರೆಗೆ, 4%.

ನಮ್ಮೂರಲ್ಲಿ ಮನುಷ್ಯರ ಆಯುಸ್ಸಿನ ಮೇಲೂ ಹಣ ಕಟ್ಟುತ್ತಾರೆ. ಪೋಪರ ಮೇಲೆ, ರಾಜರ ಮೇಲೆ ಕಟ್ಟಬಾರದೆಂದು ಕಾನೂನಿದೆ. ಗುಮಾಸ್ತರ ಮೇಲೆ ಕಟ್ಟಬಾರದೆಂದು ಯಾವ ಪುಣ್ಯಾತ್ಮನೂ ಕಾನೂನು ಮಾಡಿಲ್ಲ. ಸೀಮೆಸುಣ್ಣದ ಪೆಟ್ಟಿಗೆಗೆ ಬೀಗ ಹಾಗೇ ಇತ್ತು. ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಇಷ್ಟು ವರ್ಷ ಆ ಗುರುತನ್ನು ಸಾವಿರ ಸಲ ಬರೆದಿದ್ದೇನೆ, ಅದೊಂದು ಮುಖವೆಂದು ಯಾವತ್ತೂ ಅನಿಸಿರಲಿಲ್ಲ. ಆವತ್ತು ಅದು ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ ಮಾಡಿಕೊಂಡು ನನ್ನನ್ನು ನೋಡಿತು. ಗಡಬಡಿಸಿ ಅಳಿಸಿಹಾಕಿದೆ.

ಮರುದಿನ ಬೆಳಿಗ್ಗೆ 9% ಇತ್ತು.

ವಿಮೆಯ ದಲ್ಲಾಳಿ ಒಬೆರ್ತೊನನ್ನು ಹಿಡಿದು ಕೇಳಿದೆ. "ಏನಯ್ಯಾ, ಯಾರದ್ದು ಈ ಕೆಲಸ?"

"ಯಾರದ್ದಾದ್ರೇನಪ್ಪಾ, ದರ ನ್ಯಾಯವಾಗೇ ಇದೆ. ಎಲ್ಲಿ, ಒಂದ್ಸಲ ಕೆಮ್ಮು, ನೋಡೋಣ."

"ನಾನ್ಯಾಕೆ ಕೆಮ್ಮಲಿ? ಕೆಮ್ಮಲ್ಲ!"

"ಕೆಮ್ಮೋಕೂ ಆಗ್ತಿಲ್ವಾ? ಅಯ್ಯೋ ಪಾಪ!" ಎಂದವನೇ ಮಂಟಪದೊಳಗೆ ಓಡಿ ನನ್ನ ಸಾವಿನ ಮೇಲೆ ಹಣ ಕಟ್ಟಿ ಬಂದ. ಅವನನ್ನು ನೋಡಿ ಇನ್ನೂ ಮೂವರು ಓಡಿದರು. ಮಧ್ಯಾಹ್ನಕ್ಕೆ ಹದಿನಾಲ್ಕಾಯಿತು.

ಮನೆಗೆ ಬಂದರೆ ತಟ್ಟೆಯಲ್ಲಿ ಕಡಲೆ ಬೇಯಿಸಿದ ನೀರು. ಕಡಲೆ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

"ಇದೇನೇ ಪೆಲ್ಲೆಗ್ರಾ, ಒಂದು ತುಂಡು ಮೀನಾದ್ರೂ ಹಾಕಬಾರದಾ?"

"ಉಪವಾಸದ ಕಾಲ ಕಣ್ರೀ. ಮೀನೂ ಬೇಡ, ಎಣ್ಣೆನೂ ಬೇಡ. ಸ್ವಲ್ಪ ಪರಲೋಕದ ಕಡೆ ಗಮನ ಕೊಡಿ."

"ಪರಲೋಕ ಯಾಕೆ? ಏನು ಗೊತ್ತು ನಿನಗೆ?"

"ಸುಮ್ನೆ ಒಂದು ಮಾತಿಗಂದೆ. ಅದ್ಯಾಕ್ರೀ ಹಾಗೆ ಬೆಳ್ಳಗಾಗ್ತೀರ?" ಎಂದು ಕಿಟಕಿಯಿಂದ ಆಚೆ ತಲೆ ಹಾಕಿ, ಇಡೀ ಓಣಿಗೆ ಕೇಳಿಸುವಂತೆ ನಿಟ್ಟುಸಿರು ಬಿಟ್ಟಳು.

ಮರುದಿನ ಕರೆಯದೆಯೇ ಪಾದ್ರಿ ಬಂದು ನನ್ನ ಪಾಪಗಳ ಬಗ್ಗೆ ವಿಚಾರಿಸಿದರು. ಪಕ್ಕದೋಣಿಯ ವಿಧವೆಯೊಬ್ಬಳು ನನ್ನ ಬೂಟುಗಳನ್ನು ಯಾರಿಗೆ ಕೊಡುವುದೆಂದು ತೀರ್ಮಾನಿಸಿದ್ದೇನೆಯೇ ಎಂದು ಬಹಳ ವಿನಯದಿಂದ ಕೇಳಿದಳು. ಮಂಟಪದಲ್ಲಿ ನಾನು ಕಾಲಿಟ್ಟರೆ ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು, ದೂರ ಹೋಗುತ್ತಿರುವ ಹಡಗನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು. ಅಂಕಿ ಏರಿತೆಂದು ನನ್ನ ಮುಖ ಬಾಡುತ್ತಿತ್ತು. ಮುಖ ಬಾಡಿತೆಂದು ಅಂಕಿ ಏರುತ್ತಿತ್ತು. ಕಡಲ್ಗಳ್ಳರ ನಡುವೆ ತ್ಯೂನಿಸಿಗೆ ಹೊರಟಿದ್ದ ಒಂದು ಹಳೆಯ ಹಡಗಿತ್ತು. ಅದರಿಂದ ಇಲಿಗಳು ಕೂಡ ಇಳಿದುಹೋಗಿದ್ದವು. ಅದಕ್ಕೆ ಇಪ್ಪತ್ತೆರಡು. ನನಗೆ ಮೂವತ್ತೊಂದು!

ನಿಜ ಹೇಳಿಬಿಡುತ್ತೇನೆ, ನನಗೆ ತುಂಬಾ ಭಯವಾಯಿತು. ಊರಿಗೆಲ್ಲ ಗೊತ್ತಿರುವ ಏನೋ ಒಂದು ನನಗೊಬ್ಬನಿಗೆ ಗೊತ್ತಿಲ್ಲ ಅನ್ನಿಸತೊಡಗಿತು. ಮೇಜಿನ ಮೇಲೆ ಎರಡು ತಟ್ಟೆ, ನಡುವೆ ಚಾಕು ಕಂಡರೆ ಅದೇ ಗುರುತು. ಬಾವಿಯ ಬಾಯಿ, ಹಗ್ಗ, ಕೆಳಗೆ ಕೊಡದ ಬಾಯಿ ಕಂಡರೂ ಅದೇ. ಕಣ್ಣು ಮುಚ್ಚಿದರೆ ಅದರ ಎರಡು ಕಣ್ಣು ತೆರೆಯುತ್ತಿದ್ದವು. ನಾನು ನನ್ನ ಎದೆಯ ಬಡಿತವನ್ನು ಕೇಳುತ್ತಾ ಕೂರುತ್ತಿದ್ದೆ. ಅದು ನಡುವೆ ಯಾರಿಗೋ ಕಾಯುವಂತೆ ನಿಂತು, ಮತ್ತೆ ಹೊರಡುತ್ತಿತ್ತು. ಈಸ್ಟರಿನ ಹಿಂದಿನ ದಿನ ಹಲಗೆಯ ಮೇಲೆ ನಲವತ್ತಾಗಿತ್ತು. ಅದನ್ನು ಅಳಿಸಲು ಹೋದೆ, ಕೈ ಮೇಲೇಳಲಿಲ್ಲ. ಹಾಗೇ ಬಿಟ್ಟು ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದೆ.

ಊರಿನ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದಾಗ ಇದು ಯಾವ ಲೋಕವೋ ಎಂದು ಕಣ್ಣು ಬಿಟ್ಟೆ. ಎದುರಿಗೆ ಪೆಲ್ಲೆಗ್ರಾ. ಕಣ್ಣಲ್ಲಿ ನೀರು ಹರಿಯುತ್ತಿದೆ.

"ಬದುಕಿದೀರಲ್ರೀ! ಈಸ್ಟರ್ ಬಂತು, ಬದುಕಿದೀರ! ನನಗೆ ಗೊತ್ತಿತ್ತು!"

"ಏನು ಗೊತ್ತಿತ್ತು?"

"ನಿಮಗೆ ಏನೂ ಆಗಿಲ್ಲ ಅಂತ. ಹಲಗೆ ಮೇಲೆ ಬರೆದಿದ್ದು ನಾನೇ ಕಣ್ರೀ."

"ನೀನಾ? ಬೀಗದಕೈ ನನ್ನ ಸೊಂಟದಲ್ಲಿತ್ತಲ್ಲೇ!"

"ನಿಮ್ಮ ಸೊಂಟದಿಂದ ಬೀಗದಕೈ ಬಿಚ್ಚೋಕೆ ದೆವ್ವಾನೇ ಬರಬೇಕಾ? ನೀವು ಸಾಯ್ತೀರಿ ಅಂತ ಊರಿಗೆ ಊರೇ ದುಡ್ಡು ಕಟ್ತು. ಸಾಯಲ್ಲ ಅಂತ, ನನ್ನ ತಮ್ಮ ಗಾಸ್ಪರೆ ಕೈಲಿ ಅಷ್ಟನ್ನೂ ಹಿಡಿಸಿದೋಳು ನಾನೊಬ್ಬಳೇ. ಈಗ ಎಲ್ಲಾ ನಮ್ಮದೇ! ಪಾದ್ರಿನ ಕರೆಸಿದ್ದು, ತಿಳಿಸಾರು ಹಾಕಿದ್ದು, ಕಿಟಕೀಲಿ ನಿಟ್ಟುಸಿರು ಬಿಟ್ಟಿದ್ದು, ಎಲ್ಲಾ ದರ ಏರಲಿ ಅಂತ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಡೀ ಜಿನೋವಾ ನನ್ನ ಗುಂಡಿ ತೋಡುತ್ತಿದ್ದಾಗ ನಾನು ಬದುಕುತ್ತೇನೆಂದು ಪಂತ ಕಟ್ಟಿದವಳು ನನ್ನ ಹೆಂಡತಿ ಒಬ್ಬಳೇ! ಅವಳ ಕೈ ಹಿಡಿದುಕೊಂಡೆ.

"ಪೆಲ್ಲೆಗ್ರಾ, ನನ್ನ ಮೇಲೆ ನಿನಗೆ ನೂರಕ್ಕೆ ನೂರು ನಂಬಿಕೆ!"

ಅವಳು ಸ್ವಲ್ಪ ಯೋಚಿಸಿದಳು. "ನೂರಕ್ಕೆ ಎಂಬತ್ತು ಅನ್ನಿ."

"ಮಿಕ್ಕ ಇಪ್ಪತ್ತು?"

"ಎಲ್ಲಾ ದುಡ್ಡೂ ಒಂದೇ ಕಡೆ ಇಡಬಾರದಲ್ರೀ. ಅದಕ್ಕೆ ಬಂದಿದ್ರಲ್ಲಿ ನೂರಕ್ಕೆ ಇಪ್ಪತ್ತನ್ನ ಆ ಕಡೆಗೂ ಕಟ್ಟಿದೀನಿ, ಒಬೆರ್ತೊ ಹತ್ರ. ನೀವು ಸತ್ತರೆ ನನಗೆ ಬರೋ ಹಾಗೆ."

"ಆಯ್ತಲ್ಲ ಬಿಡು, ಈಸ್ಟರ್ ಬಂದೇಬಿಡ್ತು. ಅದು ಹೋಯ್ತು."

"ಅದು ಈಸ್ಟರಿಗೆ ಮುಗಿಯಲ್ಲ. ಬೇಸಿಗೇಲಿ ಸಂತ ಜುವಾನಿ ಹಬ್ಬದವರೆಗೂ ಇದೆ." ಒಲೆಯ ಕಡೆ ಹೋಗಿ, ಹಬೆಯಾಡುವ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟಳು. "ಏಳಿ, ತಿನ್ನಿ. ಉಪವಾಸ ಮುಗೀತು. ಕಾಡಿನ ಅಣಬೆ, ಬೆಣ್ಣೇಲಿ ಹುರಿದಿದೀನಿ."

ಎಷ್ಟೋ ವಾರಗಳ ಹಸಿವು. ವಾಸನೆಗೇ ಬಾಯಲ್ಲಿ ನೀರೂರಿತು. ಪ್ರೀತಿ ಉಕ್ಕಿ ಮೊದಲ ತುತ್ತನ್ನು ಅವಳ ಬಾಯಿಗೇ ಹಿಡಿದೆ.

ಅವಳು ಮುಖ ಪಕ್ಕಕ್ಕೆ ತಿರುಗಿಸಿ ನಕ್ಕಳು. "ನಾನು ಅಣಬೆ ತಿನ್ನಲ್ಲ ಅಂತ ಗೊತ್ತಿಲ್ವಾ?"

ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ನನಗೆ ಗೊತ್ತಿರಲಿಲ್ಲ.